ಲಾರೆನ್ಸರ ಕಥೆ ಮಕ್ಕಳಿಗೆ ಹೇಳೋದು ಹೇಗೆ? ಬೆಂಕಿಯಿಂದ ಶುರು ಮಾಡಬೇಡಿ

ಆಗಸ್ಟ್ 10 ಸಂತ ಲಾರೆನ್ಸರ ಹಬ್ಬ. ಅದರ ಹತ್ತಿರದ ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಅವರ ಕಥೆ ಹೇಳುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬೀಳುತ್ತದೆ. ನಾನು ಕಲಬುರಗಿಯಲ್ಲಿ ಖಾನಾವಳಿ ನಡೆಸುತ್ತೇನೆ. ಲಾರೆನ್ಸರು ಅಡುಗೆಯವರ ಪಾಲಕ ಸಂತ. "ನಿಮ್ಮವರೇ ಅಲ್ವಾ, ನೀವೇ ಹೇಳಿ" ಅಂತ ಹನ್ನೊಂದು ವರ್ಷದ ಹಿಂದೆ ಫಾದರ್ ನಗುತ್ತಾ ಹೇಳಿದರು. ಆಮೇಲೆ ಫಾದರ್ ಬದಲಾದರು, ಕೆಲಸ ಬದಲಾಗಲಿಲ್ಲ.

ಅವರು ಅಡುಗೆಯವರ ಸಂತರಾಗಿದ್ದು ಅಡುಗೆ ಮಾಡಿದ್ದಕ್ಕಲ್ಲ. ಅವರನ್ನೇ ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರು ಅನ್ನುವುದಕ್ಕೆ. ಇದೆಂಥ ಗೌರವವೋ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮೊದಲ ವರ್ಷ ನಾನು ಎಡವಿದ್ದು ಅಲ್ಲೇ. ಮಳೆಗಾಲದಲ್ಲಿ ಅಪ್ಪನ ಕೆರೆ ಹತ್ತಿರ ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಸುಡುತ್ತಾರಲ್ಲ, ಹಾಗೆ ಸುಟ್ಟರು ಅಂತ ಕಥೆ ಶುರು ಮಾಡಿದೆ. ಮಕ್ಕಳು ಉಸಿರು ಬಿಡದೆ ಕೇಳಿದರು. ನಾನು ಚೆನ್ನಾಗಿ ಹೇಳಿದೆ ಅಂದುಕೊಂಡೆ. ತರಗತಿ ಮುಗಿದ ಮೇಲೆ ಹೊರಗೆ ಬಂದು ನೋಡಿದರೆ ಒಬ್ಬ ಹುಡುಗ ಬೆಂಚಿನ ಮೇಲೆ ಮಲಗಿದ್ದಾನೆ, ಇನ್ನೊಬ್ಬ ನೋಟ್‌ಬುಕ್ಕಿನಿಂದ ಗಾಳಿ ಹಾಕುತ್ತಿದ್ದಾನೆ, ಉಳಿದವರು "ತಿರುವಿ ಹಾಕ್ರೋ, ತಿರುವಿ ಹಾಕ್ರೋ" ಅಂತ ಕೂಗುತ್ತಿದ್ದಾರೆ. ಮುಂದಿನ ವಾರ ಒಬ್ಬ ತಾಯಿ ಬಂದು, ಮಗ ತೆನೆ ತಿನ್ನುವುದನ್ನೇ ಬಿಟ್ಟಿದ್ದಾನೆ ಅಂದರು. ಅಷ್ಟೂ ಮಕ್ಕಳಲ್ಲಿ ಲಾರೆನ್ಸರು ಏನು ಕೆಲಸ ಮಾಡುತ್ತಿದ್ದರು ಅಂತ ಒಬ್ಬರಿಗೂ ನೆನಪಿರಲಿಲ್ಲ.

ಹಾಗಾಗಿ ಮೊದಲ ಮಾತು ಇದು. ಬೆಂಕಿಯಿಂದ ಶುರು ಮಾಡಬೇಡಿ. ಲೆಕ್ಕದ ಪುಸ್ತಕದಿಂದ ಶುರು ಮಾಡಿ.

ನಿಜವಾಗಲೂ ಒಂದು ಪುಸ್ತಕ ತೆಗೆದುಕೊಂಡು ಹೋಗಿ. ನಾನು ಖಾನಾವಳಿಯ ಹಳೆಯ ಖಾತೆ ಪುಸ್ತಕ ಒಯ್ಯುತ್ತೇನೆ. ಎಣ್ಣೆ ಕಲೆ ಇರುವ, ಕೆಂಪು ರಟ್ಟಿನದು. ತಿಂಗಳ ಊಟದವರ ಹೆಸರು, ಎಷ್ಟು ಹೊತ್ತು ಉಂಡರು, ಎಷ್ಟು ಬಾಕಿ, ಎಲ್ಲ ಅದರಲ್ಲಿದೆ. ಅದನ್ನು ತೋರಿಸಿ "ಇಂಥದ್ದೊಂದು ಪುಸ್ತಕ ಇಟ್ಟುಕೊಂಡಿದ್ದ ಮನುಷ್ಯನ ಕಥೆ ಇದು" ಅಂತ ಹೇಳಿ. ಇಷ್ಟು ಕೇಳಿದರೆ ಯಾವ ಮಗುವೂ ಹೆದರುವುದಿಲ್ಲ, ಸ್ವಲ್ಪ ಬೇಜಾರಾದರೂ ಆಗಬಹುದು. ಪರವಾಗಿಲ್ಲ.

ಲಾರೆನ್ಸರು ರೋಮ್ ಪಟ್ಟಣದ ಧರ್ಮಸಭೆಯಲ್ಲಿ ಡೀಕನ್ ಆಗಿದ್ದರು. ಡೀಕನ್ ಅಂದರೆ ಯಾರು ಅಂತ ವಿವರಿಸುವುದು ಬೇರೆ ಊರಿನವರಿಗೆ ಕಷ್ಟ ಇರಬಹುದು, ನಮ್ಮೂರಲ್ಲಿ ಸುಲಭ. ಶರಣಬಸವೇಶ್ವರರ ದಾಸೋಹ ಗೊತ್ತಿಲ್ಲದ ಮಗು ಕಲಬುರಗಿಯಲ್ಲಿ ಇಲ್ಲ. ದಾಸೋಹಕ್ಕೆ ಕಾಳು ಎಷ್ಟು ಬಂತು, ಎಷ್ಟು ಖರ್ಚಾಯಿತು, ಇವತ್ತು ಎಷ್ಟು ಜನ ಉಣ್ಣುತ್ತಾರೆ ಅಂತ ನೋಡುವವರು ಒಬ್ಬರು ಇರಲೇಬೇಕಲ್ಲ? ಆ ಕೆಲಸ ಲಾರೆನ್ಸರದು. ಇಷ್ಟು ಹೇಳಿದರೆ ಸಾಕು, "ಉಪಯಾಜಕ", "ಪರಿಚಾರಕ" ಅಂತ ದೊಡ್ಡ ಪದ ಏನೂ ಬೇಡ.

ಬೀದರ್‌ನಲ್ಲಿರುವ ನಮ್ಮ ಅತ್ತಿಗೆ ಮೆಥಡಿಸ್ಟ್ ಸಭೆಯವರು. ಅವರಲ್ಲಿ ಸಂತರ ಹಬ್ಬ ಇಲ್ಲ. ಆದರೆ ಅವರೂ ಒಮ್ಮೆ ಸಂಡೇ ಸ್ಕೂಲಿನಲ್ಲಿ ಈ ಕಥೆ ಹೇಳಿದರು. ಹೇಗೆ ಅಂದರೆ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಿಂದ ಶುರು ಮಾಡಿದರು. ಅಲ್ಲಿ ದಿನದ ಊಟ ಹಂಚುವಾಗ ಕೆಲವು ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗಲಾಟೆ ಆಗುತ್ತದೆ. ಅದಕ್ಕೆ ಏಳು ಜನರನ್ನು ಆರಿಸುತ್ತಾರೆ. ಆ ಏಳು ಜನರಲ್ಲಿ ಮೊದಲ ಹೆಸರು ಸ್ತೆಫನನದು, ಮೊದಲ ರಕ್ತಸಾಕ್ಷಿ, ಅಂದರೆ ಧರ್ಮಕ್ಕಾಗಿ ಜೀವ ಕೊಟ್ಟವನೂ ಅವನೇ. ಊಟ ಬಡಿಸುವ ಏಳು ಜನ ಅನ್ನುವುದು ಎಷ್ಟು ಗಟ್ಟಿಯಾಗಿ ಉಳಿಯಿತು ಅಂದರೆ, ಇನ್ನೂರು ವರ್ಷ ಆದ ಮೇಲೂ ರೋಮ್‌ನಲ್ಲಿ ಡೀಕನ್‌ಗಳು ಏಳೇ ಜನ. ನಿಮ್ಮ ಊರಿನಲ್ಲಿ ಬೇರೆ ಬೇರೆ ಸಭೆಯ ಮಕ್ಕಳು ಒಟ್ಟಿಗೆ ಕೂರುವುದಾದರೆ ಅತ್ತಿಗೆಯ ದಾರಿಯೇ ಒಳ್ಳೆಯದು.

ಈಗ ಪುಸ್ತಕ ತೆರೆದು ಲೆಕ್ಕಕ್ಕೆ ಬನ್ನಿ. ಇದು ನನಗೆ ತುಂಬ ಇಷ್ಟದ ಭಾಗ. ಸುಮಾರು ಕ್ರಿ.ಶ. 251 ರಲ್ಲಿ ಕೊರ್ನೇಲಿಯಸ್ ಅನ್ನುವ ಜಗದ್ಗುರುಗಳು, ಅಂದರೆ ಪೋಪ್, ಬರೆದ ಒಂದು ಪತ್ರದ ಭಾಗ ಉಳಿದಿದೆ. ರೋಮ್ ಸಭೆಯಲ್ಲಿ ಯಾರು ಯಾರು ಇದ್ದಾರೆ ಅಂತ ಅದರಲ್ಲಿ ಎಣಿಸಿದ್ದಾರೆ. ಗುರುಗಳು 46, ಡೀಕನ್‌ಗಳು 7, ಸಭೆಯೇ ಸಾಕುತ್ತಿದ್ದ ವಿಧವೆಯರು ಮತ್ತು ಕಷ್ಟದಲ್ಲಿರುವವರು 1500 ಕ್ಕಿಂತ ಹೆಚ್ಚು. ಲಾರೆನ್ಸರು ಸತ್ತದ್ದು 258 ರಲ್ಲಿ, ಅಂದರೆ ಏಳೇ ವರ್ಷದ ನಂತರ. ಅವರ ಕೈಯಲ್ಲಿದ್ದ ಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದಿರಬೇಕು.

1500 ಅಂದರೆ ಮಕ್ಕಳಿಗೆ ಅದು ಬರೀ ಒಂದು ಸಂಖ್ಯೆ. ಅದನ್ನು ರೊಟ್ಟಿಗೆ ಇಳಿಸಿ. ನಮ್ಮ ಖಾನಾವಳಿಯಲ್ಲಿ ಒಂದು ಕಿಲೋ ಜೋಳದ ಹಿಟ್ಟಿಗೆ 12 ರೊಟ್ಟಿ. ಒಬ್ಬರಿಗೆ ಎರಡು ಅಂತ ಹಿಡಿದರೂ 3000 ರೊಟ್ಟಿ. ಹಿಟ್ಟು 250 ಕಿಲೋ. ಎರಡೂವರೆ ಕ್ವಿಂಟಲ್, ಅದೂ ಒಂದೇ ಹೊತ್ತಿಗೆ! ಕಪ್ಪು ಹಲಗೆಯ ಮೇಲೆ ಮಕ್ಕಳ ಕೈಯಲ್ಲೇ ಈ ಲೆಕ್ಕ ಮಾಡಿಸಿ. ಒಂದು ವರ್ಷ ಒಬ್ಬ ಹುಡುಗಿ "ಬಡಿಯಾಕ ಎಷ್ಟ್ ಮಂದಿ ಬೇಕ್ರಿ ಟೀಚರ್?" ಅಂತ ಕೇಳಿದಳು. ಅವಳ ಅಮ್ಮ ರೊಟ್ಟಿ ಬಡಿಯುವ ಕೆಲಸಕ್ಕೆ ಹೋಗುತ್ತಾರೆ. ಒಂದು ತಾಸಿಗೆ ಅಮ್ಮ ಎಷ್ಟು ಬಡಿಯುತ್ತಾರೆ ಅಂತ ಅವಳನ್ನೇ ಕೇಳಿ ಮುಂದಿನ ಲೆಕ್ಕ ಮಾಡಿದೆವು. ರೋಮ್‌ನಲ್ಲಿ ಜೋಳದ ರೊಟ್ಟಿ ಇರಲಿಲ್ಲ ಅಂತ ದೊಡ್ಡ ಮಕ್ಕಳಲ್ಲಿ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ಒಪ್ಪಿಕೊಳ್ಳಿ. ಅಲ್ಲಿ ಗೋಧಿ ರೊಟ್ಟಿ.

ರಾಜಕೀಯವನ್ನು ಉದ್ದ ಮಾಡಬೇಡಿ. ವಲೇರಿಯನ್ ಅನ್ನುವ ಸಾಮ್ರಾಟ 257 ರಲ್ಲಿ ಮೊದಲ ಆಜ್ಞೆ ಹೊರಡಿಸಿದ. ಕ್ರೈಸ್ತ ಗುರುಗಳು ರೋಮ್‌ನ ದೇವತೆಗಳಿಗೆ ಬಲಿ ಕೊಡಬೇಕು, ಕ್ರೈಸ್ತರು ಒಟ್ಟಿಗೆ ಸೇರಬಾರದು, ಸಮಾಧಿ ಜಾಗಗಳಿಗೆ ಹೋಗಬಾರದು. ಮುಂದಿನ ವರ್ಷದ ಆಜ್ಞೆ ಇನ್ನೂ ಕಠಿಣ. ಬಿಷಪ್, ಗುರು, ಡೀಕನ್ ಸಿಕ್ಕರೆ ಕೂಡಲೇ ಕೊಲ್ಲಿ. ಕ್ರೈಸ್ತರಾದ ದೊಡ್ಡ ಮನೆತನದವರ ಆಸ್ತಿ ಕಿತ್ತುಕೊಳ್ಳಿ. ಆಸ್ತಿಯ ಮಾತು ಬಿಡಬೇಡಿ, ಮುಂದೆ ಖಜಾನೆಯ ಕಥೆ ಅದರ ಮೇಲೆ ನಿಂತಿದೆ. ಸಾಮ್ರಾಟನಿಗೆ ಏನಾಯಿತು ಅಂತ ಮಕ್ಕಳು ಕೇಳುತ್ತಾರೆ. 260 ರಲ್ಲಿ ಪರ್ಷಿಯಾದ ರಾಜ ಶಾಪುರ್ ಅವನನ್ನು ಯುದ್ಧದಲ್ಲಿ ಸೆರೆಹಿಡಿದ. ಶಾಪುರನ ಕುದುರೆಯ ಮುಂದೆ ಸೋತ ರೋಮನ್ನರು ನಿಂತ ಕಲ್ಲಿನ ಕೆತ್ತನೆ ಇರಾನ್‌ನಲ್ಲಿ ಇವತ್ತಿಗೂ ಇದೆ. ಗಂಡುಮಕ್ಕಳಿಗೆ ಇದು ಬಹಳ ಸಮಾಧಾನ ಕೊಡುತ್ತದೆ. ಅಷ್ಟಕ್ಕೇ ನಿಲ್ಲಿಸಿ.

258 ರ ಆಗಸ್ಟ್ 6. ಜಗದ್ಗುರು ಎರಡನೆಯ ಸಿಕ್ಸ್ಟಸ್ ಅವರನ್ನು ಸಮಾಧಿ ಸ್ಥಳದಲ್ಲೇ ಹಿಡಿದು ಕೊಂದರು. ಜೊತೆಗೆ ನಾಲ್ಕು ಡೀಕನ್‌ಗಳನ್ನೂ ಕೊಂದರು ಅಂತ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅದೇ ದಿನಗಳಲ್ಲಿ ಪತ್ರ ಬರೆದಿದ್ದಾರೆ. ಸೆಪ್ಟೆಂಬರ್ 14 ಕ್ಕೆ ಸಿಪ್ರಿಯನ್ನರ ತಲೆಯನ್ನೂ ಕಡಿದರು. ಸಿಕ್ಸ್ಟಸ್ ಅವರನ್ನು ಕರೆದೊಯ್ಯುವಾಗ ಲಾರೆನ್ಸರು ಹಿಂದೆ ಓಡಿದರಂತೆ. "ಮಗನನ್ನು ಬಿಟ್ಟು ಎಲ್ಲಿಗೆ ಹೊರಟಿರಿ ಅಪ್ಪಾ?" ಅಂತ ಕೇಳಿದರಂತೆ. ಮೂರು ದಿನದಲ್ಲಿ ನೀನೂ ಬರುತ್ತೀ ಅಂತ ಸಿಕ್ಸ್ಟಸ್ ಹೇಳಿದರಂತೆ. ಈ ಜಾಗದಲ್ಲಿ ನಿಧಾನ ಮಾಡಿ. ನಮ್ಮ ತರಗತಿಯಲ್ಲಿ ಅಪ್ಪ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದ ಮಕ್ಕಳು ಯಾವಾಗಲೂ ಮೂರು ನಾಲ್ಕು ಇರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಆ ಪ್ರಶ್ನೆ ಕೇಳಿ ಬಂದವರು ಅವರು. ಅವರ ಮುಖ ನೋಡಬೇಡಿ, ಪುಸ್ತಕ ನೋಡಿಕೊಂಡು ಹೇಳಿ.

ಇನ್ನು ನಾಟಕ. ಹತ್ತು ನಿಮಿಷ ಸಾಕು. ಮಾತು ಬರೆದುಕೊಡಬೇಡಿ, ಕಥೆ ಹೇಳಿ ಬಿಟ್ಟುಬಿಡಿ. ನಗರದ ಅಧಿಕಾರಿ ಲಾರೆನ್ಸರನ್ನು ಕರೆಸುತ್ತಾನೆ. ನಿಮ್ಮ ಪೂಜೆಗೆ ಬೆಳ್ಳಿಯ ಬಟ್ಟಲು, ಮೇಣದಬತ್ತಿಗೆ ಚಿನ್ನದ ಕಂಬ ಇವೆಯಂತೆ, ಸೈನ್ಯಕ್ಕೆ ದುಡ್ಡು ಬೇಕು, ತಂದು ಕೊಡು ಅನ್ನುತ್ತಾನೆ. ಸಾಲದ್ದಕ್ಕೆ, ಕೈಸರನದನ್ನು (ಅಂದರೆ ಸಾಮ್ರಾಟನದನ್ನು) ಕೈಸರನಿಗೆ ಕೊಡಿ ಅಂತ ನಿಮ್ಮ ಗುರುವೇ ಹೇಳಿಲ್ಲವಾ ಅಂತ ಯೇಸುವಿನ ಮಾತನ್ನೇ ಎತ್ತಿ ಹಾಕುತ್ತಾನೆ. ಸುಮಾರು 400 ರಲ್ಲಿ ಸ್ಪೇನಿನ ಕವಿ ಪ್ರುಡೆನ್ಶಿಯಸ್ ಬರೆದ ಪದ್ಯದಲ್ಲಿ ಹೀಗಿದೆ. ಓದಿದಾಗ ನಾನು ನಕ್ಕುಬಿಟ್ಟೆ. ವಸೂಲಿಗೆ ಬಂದವರಿಗೆ ಶಾಸ್ತ್ರ ಎಷ್ಟು ಚೆನ್ನಾಗಿ ಬಾಯಿಗೆ ಬರುತ್ತದೆ ನೋಡಿ!

ಲಾರೆನ್ಸರು ಇಲ್ಲ ಅನ್ನುವುದಿಲ್ಲ. ನಮ್ಮ ಸಭೆ ಶ್ರೀಮಂತ ಸಭೆಯೇ ಹೌದು, ಮೂರು ದಿನ ಟೈಮ್ ಕೊಡಿ, ಲೆಕ್ಕ ಒಪ್ಪಿಸುತ್ತೇನೆ ಅನ್ನುತ್ತಾರೆ. ಆ ಮೂರು ದಿನ ಊರೆಲ್ಲ ಸುತ್ತಿ, ಸಭೆ ಸಾಕುವ ಬಡವರನ್ನೆಲ್ಲ ಕೂಡಿಸಿ, ಒಬ್ಬೊಬ್ಬರ ಹೆಸರು ಬರೆದುಕೊಂಡು, ಅಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ಇದೇ ನಮ್ಮ ಖಜಾನೆ. ಹೆಸರು ಬರೆದುಕೊಂಡರು ಅನ್ನುವುದು ನನ್ನ ಸೇರಿಕೆ ಅಲ್ಲ, ಪದ್ಯದಲ್ಲೇ ಇದೆ. ಆ ಒಂದು ಸಾಲಿಗಾಗಿಯೇ ನಾನು ಖಾತೆ ಪುಸ್ತಕ ಒಯ್ಯುವುದು.

ನಾಟಕ ಆಡಿಸುವಾಗ ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ.

ಮೊದಲನೆಯದು. ಎಲ್ಲರೂ ಸೈನಿಕರಾಗಲು ಕೈ ಎತ್ತಿದರು, ಬಡವರಾಗಲು ಯಾರೂ ಇಲ್ಲ. ನಾನು ಹುರಿದುಂಬಿಸಲು ಹೋಗಿ "ನೀನು ಕುರುಡ, ನೀನು ಕುಂಟ" ಅಂತ ಪಾತ್ರ ಹಂಚಿದೆ. ಪದ್ಯದಲ್ಲೂ ಕೋಲು ಹಿಡಿದ ಕುರುಡ, ಕಾಲು ಎಳೆಯುವವನು ಬರುತ್ತಾರೆ. ಆಗ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. ಒಬ್ಬ ಕಾಲೆಳೆದುಕೊಂಡು ನಡೆದ, ಎಲ್ಲ ನಕ್ಕರು, ಇನ್ನೂ ನಾಲ್ಕು ಜನ ಹಾಗೇ ನಡೆದರು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕೂತಿದ್ದ. ಅವನ ಎಡಗಾಲು ಹುಟ್ಟಿನಿಂದ ಸಣ್ಣದು. ಅವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಅವತ್ತು ಮನೆಗೆ ಹೋಗಿ ನಾನು ಮಧ್ಯಾಹ್ನದ ರೊಟ್ಟಿ ಎರಡು ಹೊತ್ತಿಸಿದೆ.

ಈಗ ಯಾರಿಗೂ ಯಾವ ಊನವನ್ನೂ ನಟಿಸಲು ಬಿಡುವುದಿಲ್ಲ. ಪ್ರತಿ ಮಗುವೂ ಮನೆಯಿಂದ ಖಾಲಿ ತಟ್ಟೆ ತರಬೇಕು. ಪಾತ್ರಕ್ಕೆ ಒಂದು ಹೆಸರು, ಒಂದು ಕೆಲಸ ತಾನೇ ಇಟ್ಟುಕೊಳ್ಳಬೇಕು. ಲಾರೆನ್ಸರ ಪಾತ್ರದವರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಹಮಾಲಿ, ಬಟ್ಟೆ ಒಗೆಯುವವಳು, ಗಂಡ ಸತ್ತವಳು, ಅಪ್ಪನ ಸಾಲ ತೀರಿಸುವ ಹುಡುಗ ಹೀಗೆ ಬರುತ್ತಾರೆ. ಒಂದು ವರ್ಷ ಒಬ್ಬಳು "ಹೊಲದಾಗ ತೊಗರಿ ಒಣಗಿದವರು" ಅಂತ ಬರೆಸಿದಳು. ರೋಮ್‌ನಲ್ಲಿ ತೊಗರಿ ಇರಲಿಲ್ಲ ಅಂತ ಅವತ್ತು ಯಾರೂ ತಕರಾರು ತೆಗೆಯಲಿಲ್ಲ.

ಎರಡನೆಯ ತಪ್ಪು ತಪ್ಪು ಅಂತ ತಿಳಿಯಲು ನನಗೆ ಆರು ವರ್ಷ ಬೇಕಾಯಿತು. ತಟ್ಟೆ ಹಿಡಿದ ಮಕ್ಕಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸುತ್ತಿದ್ದೆ. ಪದ್ಯದಲ್ಲೂ ಹಾಗೇ ಇದೆ. ಲಾರೆನ್ಸನಾದ ಹುಡುಗ ಕೈ ಚಾಚಿ "ಇವರೇ ನಮ್ಮ ಖಜಾನೆ" ಅಂದ. ಸಾಲಿನಲ್ಲಿದ್ದ ಒಂಬತ್ತು ವರ್ಷದ ಹುಡುಗಿ ನನ್ನ ಕಡೆ ತಿರುಗಿ, "ನಾವು ಖಜಾನಿ ಆದ್ರ ನಮ್ಮನ್ನ ಯಾಕ ಪಾಳಿ ಹಚ್ಚಿ ನಿಲ್ಲಸ್ತೀರಿ?" ಅಂದಳು. ನಾಟಕದ ಮಾತಲ್ಲ, ಖರೆ ಖರೆ ಕೇಳಿದಳು. ರೇಷನ್ ಅಂಗಡಿ ಮುಂದೆ ಅಮ್ಮನ ಜೊತೆ ನಿಂತು ಬಂದ ಮಗು ಅದು.

ನನಗೆ ಏನೂ ಹೇಳಲು ಹೊಳೆಯಲಿಲ್ಲ. ಮುಂದಿನ ವರ್ಷದಿಂದ ಸಾಲು ಬಿಟ್ಟೆ. ಈಗ ಮಕ್ಕಳು ಪಂಕ್ತಿಯಲ್ಲಿ ಕೂರುತ್ತಾರೆ. ಚಾಪೆ ಹಾಸಿ, ಮುಂದೆ ತಟ್ಟೆ ಇಟ್ಟುಕೊಂಡು. ನಿಂತಿರುವವರು ಇಬ್ಬರೇ, ಲಾರೆನ್ಸ್ ಮತ್ತು ಅಧಿಕಾರಿ. ಕವಿಯ ಮಾತು ಮೀರಿದ್ದೇನೆ, ಗೊತ್ತು.

ಚಿತ್ರ ತೋರಿಸುವುದಾದರೆ ಮೊಬೈಲಿನಲ್ಲಿ ಫ್ರಾ ಆಂಜೆಲಿಕೊ ಬರೆದದ್ದನ್ನು ಹುಡುಕಿ. ವ್ಯಾಟಿಕನ್‌ನ ಒಂದು ಚಿಕ್ಕ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ 1440 ರ ದಶಕದ ಕೊನೆಯಲ್ಲಿ ಬರೆದದ್ದು. ಅದರಲ್ಲಿ ಲಾರೆನ್ಸರು ಬಾಗಿಲ ಮುಂದೆ ನಿಂತು ಹಣ ಹಂಚುತ್ತಿದ್ದಾರೆ. ಸುತ್ತ ಕೂಸು ಎತ್ತಿಕೊಂಡ ತಾಯಿ, ಕುರುಡ, ಮುದುಕರು. ಜಾಲರಿಯ ಚಿತ್ರಗಳು ರಾಶಿ ಸಿಗುತ್ತವೆ, ಅವು ಬೇಡ.

ಈಗ ಬೆಂಕಿ. ಬಿಡುವಂತಿಲ್ಲ, ಮಕ್ಕಳಿಗೆ ಹೇಗಿದ್ದರೂ ಹೊರಗೆ ಗೊತ್ತಾಗುತ್ತದೆ. ಎರಡೇ ವಾಕ್ಯ ಹೇಳಿ. ಅಧಿಕಾರಿ ಸಿಟ್ಟಾಗಿ ಅವರನ್ನು ಜಾಲರಿಯ ಮೇಲೆ ಸುಡಿಸಿದ ಅಂತ ಹಳೆಯ ಕಥೆ ಹೇಳುತ್ತದೆ. ಒಂದು ಪಕ್ಕ ಬೆಂದಿದೆ, ತಿರುವಿ ಹಾಕಿ ತಿನ್ನು ಅಂತ ಲಾರೆನ್ಸರು ಅಧಿಕಾರಿಗೇ ತಮಾಷೆ ಮಾಡಿದರು ಅನ್ನುತ್ತಾರೆ. "ಖರೇನಾ ಟೀಚರ್?" ಅಂತ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ ಹೌದು ಅನ್ನಬೇಡಿ, ಇಲ್ಲ ಅಂತಲೂ ಕೈ ತೊಳೆದುಕೊಳ್ಳಬೇಡಿ.

ನಾನು ಹೇಳುವುದು ಹೀಗೆ. 354 ರ ಒಂದು ರೋಮನ್ ಕ್ಯಾಲೆಂಡರಿನಲ್ಲಿ ಆಗಸ್ಟ್ 10 ರ ಮುಂದೆ ಲಾರೆನ್ಸರ ಹೆಸರಿದೆ, ತಿಬುರ್ತಿನಾ ರಸ್ತೆಯಲ್ಲಿ ಸಮಾಧಿ ಅಂತಲೂ ಇದೆ. ಇದು ಗಟ್ಟಿ. ಖಜಾನೆಯ ಕಥೆ, ಜಾಲರಿಯ ಕಥೆ ಎರಡನ್ನೂ ಬರೆದವರು ಮಿಲಾನಿನ ಬಿಷಪ್ ಸಂತ ಆಂಬ್ರೋಸ್, ಅದು ಆಗಿ ಸುಮಾರು 130 ವರ್ಷದ ಮೇಲೆ. ನಿಮ್ಮ ಮುತ್ತಜ್ಜನ ಅಪ್ಪನ ಕಥೆ ಮನೆಯಲ್ಲಿ ಹೇಳುತ್ತಾರಲ್ಲ, ಅಷ್ಟು ದೂರ. ಆಗಿನ ಆಜ್ಞೆಯಲ್ಲಿ ಸಿಕ್ಕ ಕೂಡಲೇ ಕೊಲ್ಲಿ ಅಂತಿತ್ತು. ಸಿಪ್ರಿಯನ್ನರಿಗೆ ಆದ ಹಾಗೆ ಇವರಿಗೂ ಕತ್ತಿಯೇ ಆಗಿರಬೇಕು ಅನ್ನುವ ಪಂಡಿತರು ಬಹಳ ಜನ.

ಅವರಲ್ಲಿ ಒಬ್ಬ ಇಟಲಿಯವರ ಊಹೆ ಮಜವಾಗಿದೆ. ಲ್ಯಾಟಿನ್‌ನಲ್ಲಿ ‘ಪಾಸುಸ್’ ಅಂದರೆ ನೋವುಂಡರು. ಮೊದಲಿನ ಒಂದು ಅಕ್ಷರ ಬಿದ್ದುಹೋದರೆ ‘ಆಸುಸ್’, ಅಂದರೆ ಸುಡಿಸಿಕೊಂಡರು. ನಕಲು ಮಾಡುವವರ ಕೈತಪ್ಪಿರಬಹುದು ಅಂತ ಅವರ ವಾದ. ಹಲಗೆಯ ಮೇಲೆ ‘ನೊಂದರು’ ಅಂತ ಬರೆದು, ಮೊದಲಿನ ಅಕ್ಷರ ಅಳಿಸಿ ‘ಬೆಂ’ ಹಾಕಿ. ಬೆಂದರು! ದೊಡ್ಡ ಮಕ್ಕಳು ಇದನ್ನು ಮನೆಗೆ ಹೋಗಿ ಎಲ್ಲರಿಗೂ ಹೇಳುತ್ತಾರೆ. ಒಬ್ಬ ಅಜ್ಜಿ ನನ್ನ ಹತ್ತಿರ ಬಂದು "ಅವ್ವಾ, ಸಂತರ ಬೆಂಕಿ ಆರಿಸಿಬಿಟ್ಟಿಯಲ್ಲ" ಅಂತ ಬೈದದ್ದೂ ಇದೆ. ಅಜ್ಜಿ, ನಾನು ಆರಿಸಿಲ್ಲ, ಸ್ವಲ್ಪ ಉರಿ ಕಡಿಮೆ ಮಾಡಿದೆ ಅಷ್ಟೆ ಅಂದೆ.

ಆಮೇಲಿನ ಚರಿತ್ರೆ ಐದು ನಿಮಿಷದಲ್ಲಿ ಮುಗಿಸಿ. ಸಮಾಧಿಯ ಜಾಗದಲ್ಲಿ ಸಾಮ್ರಾಟ ಕಾನ್‌ಸ್ಟಂಟೈನ್ ಗುಡಿ ಕಟ್ಟಿಸಿದ. ಈಗ ಅಲ್ಲಿರುವ ದೊಡ್ಡ ಬಸಿಲಿಕಾದ ಮೇಲೆ 1943 ರ ಜುಲೈ 19 ರಂದು ಬಾಂಬ್ ಬಿತ್ತು, ಮತ್ತೆ ಕಟ್ಟಿದರು. ಕೆನಡಾದ ದೊಡ್ಡ ನದಿಗೆ ಅವರ ಹೆಸರಿದೆ. ಕಾರಣ ಇಷ್ಟೇ, 1535 ರಲ್ಲಿ ಕಾರ್ತಿಯೇ ಅನ್ನುವ ನಾವಿಕ ಅಲ್ಲಿನ ಒಂದು ಕೊಲ್ಲಿಗೆ ಬಂದ ದಿನ ಆಗಸ್ಟ್ 10. ಅದೇ ದಿನಗಳಲ್ಲಿ ಆಕಾಶದಲ್ಲಿ ಉಲ್ಕೆ ಬೀಳುತ್ತವೆ, ಯುರೋಪಿನವರು ಅದನ್ನು ಲಾರೆನ್ಸರ ಕಣ್ಣೀರು ಅನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ನನಗೆ ಒಂದೂ ಕಂಡಿಲ್ಲ. ಆಗಸ್ಟಿನಲ್ಲಿ ನಮ್ಮ ಕಡೆ ಮೋಡ. ಮಕ್ಕಳಿಗೆ ಹತ್ತಿರದ್ದು ಬೇಕಾದರೆ ಕಾರ್ಕಳದ ಅತ್ತೂರು ಹೇಳಿ. ಅಲ್ಲಿನ ಸಂತ ಲಾರೆನ್ಸ್ ಗುಡಿ 2016 ರಲ್ಲಿ ಬಸಿಲಿಕಾ ಅನ್ನುವ ಗೌರವ ಪಡೆಯಿತು, ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಹೋಗುತ್ತಾರೆ.

ಕೊನೆಗೆ ಊಟ. ತಟ್ಟೆ ತರಿಸಿ ಖಾಲಿ ಕಳಿಸಬೇಡಿ, ಅದಕ್ಕಿಂತ ಕೆಟ್ಟ ಪಾಠ ಇಲ್ಲ. ಹಬ್ಬದಡುಗೆ ಬೇಕಿಲ್ಲ. ನಾನು ಹಿಂದಿನ ರಾತ್ರಿಯೇ ಕಟಿ ರೊಟ್ಟಿ ಮಾಡಿಟ್ಟಿರುತ್ತೇನೆ, ಜೊತೆಗೆ ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಮೂವತ್ತು ಮಕ್ಕಳಿಗೆ ಐದು ಕಿಲೋ ಹಿಟ್ಟು. ಲಾರೆನ್ಸನಾದವರು ಪುಸ್ತಕ ನೋಡಿ, ಪಾತ್ರದ ಹೆಸರು ಕೂಗಿ, ಒಬ್ಬೊಬ್ಬರಿಗೇ ಬಡಿಸಬೇಕು. ಅವರ ಊಟ ಎಲ್ಲರದ್ದೂ ಆದ ಮೇಲೆ.

ಹೋದ ವರ್ಷ ಅಧಿಕಾರಿ ಆಗಿದ್ದವಳು ಏಳನೇ ತರಗತಿಯ ಗಟ್ಟಿ ಹುಡುಗಿ. ಹೆಗಲ ಮೇಲೆ ನನ್ನ ಕೆಂಪು ಶಾಲು, ಕೈಯಲ್ಲಿ ಸ್ಕೇಲು. ಎಲ್ಲರ ಹೆಸರು ಕೂಗಿ ಆಯಿತು, ಅವಳದು ಪುಸ್ತಕದಲ್ಲೇ ಇಲ್ಲ. ಸ್ವಲ್ಪ ಹೊತ್ತು ಸ್ಕೇಲು ಹಿಡಿದು ನಿಂತಳು. ಆಮೇಲೆ ಶಾಲು ಬಿಚ್ಚಿ ಪಂಕ್ತಿಯ ಕೊನೆಗೆ ಕೂತು, "ಸರಕಾರಕ್ಕೂ ಹಸಿವಾಗ್ತದ್ರಿ" ಅಂದಳು. ಅವಳಿಗೆ ತಟ್ಟೆ ತರಲು ನಾನು ಹೇಳಿರಲಿಲ್ಲ. ಈ ಸಲ ಒಂದು ತಟ್ಟೆ ಜಾಸ್ತಿ ಒಯ್ಯುತ್ತೇನೆ. ನೀವೂ ಒಯ್ಯಿರಿ.